ತಿಂಗಳಾ ತಿಂಗಳಾ ಕೊಡೋರು ಎಲ್ಲಿ ಸಿಗ್ತಾರ್ರಿ?

ಪ್ರಶ್ನೆ: ಸರ್ ನಮಸ್ಕಾರ. ಸಿಂಧನೂರಿನಾಗ ನಮ್ದು ಸಣ್ಣ ಸಂಘಟನೆ. ಅಟ್ರಾಸಿಟಿ ಕೇಸು, ಜೀತದ ಕೇಸು, ಹೆಣ್ಮಕ್ಕಳ ಮ್ಯಾಲಿನ ದೌರ್ಜನ್ಯದ ಕೇಸು ನೋಡ್ತೀವಿ. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆ ಒಂದು ನಮಗ ರೊಕ್ಕ ಕೊಡ್ತಿತ್ತು, 2020ರ ಮ್ಯಾಲ ಅದು ನಿಂತುಹೋತು. ಈಗ ಏನರ ದೊಡ್ಡ ಘಟನೆ ಆದಾಗ ಮಂದಿ ಕೊಡ್ತಾರ, ಎರಡು ವಾರ ಆದ್ಮ್ಯಾಲ ಎಲ್ಲಾ ಮರೀತಾರ. ಆಫೀಸ್ ಬಾಡಿಗಿ, ಒಬ್ಬ ಕಾರ್ಯಕರ್ತೆ ಪಗಾರ, ಓಡಾಟ ಎಲ್ಲಾ ಹಿಡಿದು ತಿಂಗಳಿಗೆ 40 ಸಾವಿರ ಬೇಕು. ಕ್ಯೂಆರ್ ಕೋಡ್ ಸ್ಟೇಟಸ್‌ಗೆ ಹಾಕಿ ಹಾಕಿ ಸಾಕಾತು. ಯಾವ್ದರ ಏಜೆನ್ಸಿ ಹಿಡಿದು ದಾನಿಗಳನ್ನ ಹುಡುಕಿಸಬೇಕಾ? ದಾನಿಗೆ ಟ್ಯಾಕ್ಸ್ ಉಳಿಯೋ 80ಜಿ ನೋಂದಣಿ ಮಾಡಿಸಿದ್ರ ಬರ್ತಾರಾ? ನಮ್ಮೂರಿನಾಗ ಇಂಥ ಕೆಲಸಕ್ಕ ತಿಂಗಳಾ ತಿಂಗಳಾ ಯಾರು ಕೊಡ್ತಾರ್ರಿ?

ಉತ್ತರ: ಅಕ್ಕಾರ, ನಮಸ್ಕಾರ್ರಿ. ಏಜೆನ್ಸಿ ಮಾತು ಮೊದಲು ಮುಗಿಸಿಬಿಡ್ತೀನಿ. ಬ್ಯಾಡ. ಬೆಂಗಳೂರು, ಹೈದರಾಬಾದಿನಾಗ ದೊಡ್ಡ ದೊಡ್ಡ ಸಂಸ್ಥೆಗಳು ಮಾಲ್ ಮುಂದ, ಮೆಟ್ರೋ ಮುಂದ ಟೀಶರ್ಟ್ ಹಾಕಿದ ಹುಡುಗರನ್ನ ನಿಲ್ಲಿಸ್ತಾವಲ್ಲ, ಅವರಿಗೆ ಮೊದಲ ವರ್ಷ ದಾನಿ ಕೊಟ್ಟ ರೊಕ್ಕದಾಗ ಬಹಳಷ್ಟು ಹುಡುಗರ ಪಗಾರಕ್ಕ, ಕಮಿಷನ್‌ಗೆ ಹೋಗ್ತೈತಿ, ದಾನಿ ಎರಡು ಮೂರು ವರ್ಷ ಉಳಿದ್ರನೇ ಅವರಿಗೆ ಲಾಭ. ಅಷ್ಟು ದಿನ ತಡ್ಕೊಳ್ಳೋ ಗಂಟು ನಿಮ್ಮ ಹತ್ರ ಇಲ್ಲ. ಇನ್ನೊಂದು ನಮ್ಮ ಕಡೆ ಕಾರಣ ಐತಿ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಮನಿ ಬಾಗಿಲಿಗೆ ಬ್ಯಾಗ್ ಹಾಕ್ಕೊಂಡು, ಕೈಯಾಗ ಟ್ಯಾಬ್ ಹಿಡ್ಕೊಂಡು ಬರೋನು ಅಂದ್ರ ಫೈನಾನ್ಸ್ ವಸೂಲಿಯೋನು ಅಂತನೇ ಮಂದಿ ತಿಳ್ಕೊಳ್ಳೋದು. ಮೈಕ್ರೋ ಫೈನಾನ್ಸ್ ಕಾಟ ಎಲ್ಲಿಗೆ ಹೋಗಿತ್ತಂದ್ರ ಸರ್ಕಾರ 2025ರಾಗ ಅದಕ್ಕಂತನೇ ಸುಗ್ರೀವಾಜ್ಞೆ ತರಬೇಕಾತು. ಅಂಥಾ ಊರಾಗ ಹಕ್ಕಿನ ಕೆಲಸಕ್ಕ ರೊಕ್ಕ ಕೇಳೋರು ವಸೂಲಿಯೋರ ಹಂಗ ಕಂಡ್ರ ಕೆಲಸನೇ ಕೆಡ್ತೈತಿ.

ಈಗ ಮೂಲ ಪ್ರಶ್ನೆಗೆ ಬರ್ತೀನಿ, ಯಾರು ಕೊಡ್ತಾರ ಅನ್ನೋದು. ನಮ್ಮ ಮಂದಿ ಕೊಡಂಗಿಲ್ಲ ಅನ್ನೋ ಮಾತು ನಾನು ಒಪ್ಪಂಗಿಲ್ಲ. ಕೊಪ್ಪಳದ ಗವಿಮಠದ ಜಾತ್ರಿ ದಾಸೋಹಕ್ಕ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ನ್ಯಾಗ ಜ್ವಾಳದ ರೊಟ್ಟಿ ಬರೋದು ನೀವೂ ನೋಡೀರಿ, ಯಾರೂ ಅವರನ್ನ ಬಲವಂತ ಮಾಡಿರಂಗಿಲ್ಲ. ಗಣಪತಿಗೆ, ಮೊಹರಮ್ಮಿಗೆ, ಊರ ಗುಡಿ ಕಟ್ಟಾಕ ಪಟ್ಟಿ ಎತ್ತಿದ್ರ ಕೂಲಿ ಮಾಡೋರೂ ಕೊಡ್ತಾರ. ಅಲ್ಲಿ ಮೂರು ಸಂಗತಿ ಅದಾವ ನೋಡ್ರಿ: ಕೇಳೋನು ಗುರುತಿನೋನು, ಎಷ್ಟು ಕೊಡಬೇಕು ಅನ್ನೋದು ಮೊದಲೇ ಗೊತ್ತಿರ್ತೈತಿ, ಕೊಟ್ಟಿದ್ದು ಏನಾತು ಅನ್ನೋದು ಕಣ್ಣಿಗೆ ಕಾಣ್ತೈತಿ. ನಿಮ್ಮ ಕ್ಯೂಆರ್ ಕೋಡಿನಾಗ ಈ ಮೂರೂ ಇಲ್ಲ. ಸ್ಟೇಟಸ್ ನೋಡಿದೋನು ಯಾರೋ ಬ್ಯಾರೆಯವರಿಗೆ ಕೇಳ್ಯಾರ ಅನ್ಕೊಂಡು ಬೆರಳು ಸರಿಸಿ ಮುಂದ ಹೋಗ್ತಾನ. ಅದಕ್ಕ ನಿಮ್ಮ ಕೆಲಸದಾಗ ಕಮ್ಮಿ ಇರೋದು ದಾನಿಗಳಲ್ಲ, ಒಬ್ಬೊಬ್ಬರನ್ನ ಕುಂದ್ರಿಸಿ ಕೇಳಿಲ್ಲ, ಅಷ್ಟ.

ಹೊರಗಿನ ರೊಕ್ಕ ಯಾಕ ನಿಂತಿತು ಅನ್ನೋದು ನಿಮಗ ಗೊತ್ತೇ ಇರಬೇಕು, ಆದ್ರೂ ನಿಮ್ಮ ಕಮಿಟಿಯವರಿಗೆ ತಿಳಿಸಾಕ ಹೇಳ್ತೀನಿ. 2020ರ ಸೆಪ್ಟೆಂಬರ್‌ನಾಗ ವಿದೇಶಿ ದೇಣಿಗೆಗೆ ಲಗಾಮು ಹಾಕೋ ಎಫ್‌ಸಿಆರ್‌ಎ ಕಾಯ್ದೆ ತಿದ್ದುಪಡಿ ಆತು, ವಿದೇಶಿ ದೇಣಿಗೆ ತಗೊಂಡ ಸಂಸ್ಥೆ ಅದನ್ನ ಇನ್ನೊಂದು ಸಂಸ್ಥೆಗೆ ಕೊಡಂಗಿಲ್ಲ ಅಂತ ಬಂತು, ಆ ಸಂಸ್ಥೆಗೂ ಎಫ್‌ಸಿಆರ್‌ಎ ನೋಂದಣಿ ಇದ್ರೂ ಸೈತ ಕೊಡಂಗಿಲ್ಲ. ಬೆಂಗಳೂರಿಗೆ ಬಂದು ಅಲ್ಲಿಂದ ತಾಲ್ಲೂಕಿಗೆ ಹರಿದು ಬರ್ತಿದ್ದ ರೊಕ್ಕ ಅಲ್ಲಿಗೆ ಬಂದ್ ಆತು. ಆಡಳಿತ ಖರ್ಚಿನ ಮಿತಿನೂ 50 ಪರ್ಸೆಂಟಿನಿಂದ 20ಕ್ಕ ಇಳಿಸಿದ್ರು, ಹಕ್ಕಿನ ಕೆಲಸದಾಗ ಖರ್ಚೆಲ್ಲಾ ಮಂದಿ ಪಗಾರ, ಓಡಾಟನೇ ಇರೋದ್ರಿಂದ ಅದು ದೊಡ್ಡ ಪೆಟ್ಟು. ನೀವೇ ಸ್ವಂತ ಎಫ್‌ಸಿಆರ್‌ಎ ತಗೊಬೇಕಂದ್ರ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ವರ್ಷದಾಗ 15 ಲಕ್ಷ ಕೆಲಸಕ್ಕ ಖರ್ಚು ಮಾಡಿದ ಲೆಕ್ಕ ಇರಬೇಕು. ಸದ್ಯಕ್ಕ ಆ ದಾರಿ ಬಿಡ್ರಿ. ಅದೇ ಸೆಪ್ಟೆಂಬರ್‌ನಾಗ ಆಮ್ನೆಸ್ಟಿಯಂಥಾ ದೊಡ್ಡ ಮಾನವ ಹಕ್ಕು ಸಂಸ್ಥೆನೇ ಬ್ಯಾಂಕ್ ಖಾತೆ ಫ್ರೀಜ್ ಆಗಿ ಭಾರತದಾಗಿನ ಕೆಲಸ ನಿಲ್ಲಿಸಿತು ಅನ್ನೋದು ನೆನಪಿರಲಿ.

ಹಂಗಾದ್ರ ನಿಮ್ಮ 40 ಸಾವಿರ ಹೆಂಗ? 200 ಮಂದಿ, ಒಬ್ಬೊಬ್ಬರು ತಿಂಗಳಿಗೆ 200 ರೂಪಾಯಿ. ತಿಂಗಳಿಗೆ ಕೆಲವರದು ಖಾತೆಯಿಂದ ಕಟ್ ಆಗಂಗಿಲ್ಲ, ಕೆಲವರು ಬಿಡ್ತಾರ, ಅದಕ್ಕ 250 ಮಂದಿ ಅಂತ ಇಟ್ಕೊಳ್ರಿ. ಒಂದೇ ವರ್ಷಕ್ಕ ಆಗಂಗಿಲ್ಲ ಅಂತ ಈಗಲೇ ಹೇಳ್ತೀನಿ, ಮೊದಲ ವರ್ಷ ನೂರು ಮಂದಿ ಆದ್ರ ನಾನು ನಿಮಗ ಶಭಾಷ್ ಅಂತೀನಿ. ನೂರು ಮಂದಿ ಅಂದ್ರ ವರ್ಷಕ್ಕ 2 ಲಕ್ಷ 40 ಸಾವಿರ, ಕಾರ್ಯಕರ್ತೆ ಪಗಾರದ ಚಿಂತಿ ಬಹುತೇಕ ಹೋತು.

ಆ ನೂರು ಮಂದಿ ಎಲ್ಲಿ ಅದಾರ? ದೊಡ್ಡವರ ಮನ್ಯಾಗ ಹುಡುಕಬ್ಯಾಡ್ರಿ. ರೈಸ್ ಮಿಲ್ ಮಾಲೀಕರು, ಕಾಂಟ್ರಾಕ್ಟರು, ಗಣಿಯವರು ಒಮ್ಮಿಗೆ 50 ಸಾವಿರ ಕೊಡಬಹುದು, ಆದ್ರ ನಾಳೆ ಅವರ ಮಿಲ್ಲಿನಾಗೇ ಜೀತದ ದೂರು ಬಂದ್ರ ನೀವು ಬಾಯಿ ಹೆಂಗ ತೆಗೀತೀರಿ? ನಿಮಗ ಬೇಕಾದೋರು ಪಗಾರ ಬರೋ ಮಂದಿ, ಅದರಾಗೂ ಈ ವ್ಯವಸ್ಥೆ ಏಟು ಹೆಂಗಿರ್ತೈತಿ ಅಂತ ತಮ್ಮ ಮನಿಯಾಗ ನೋಡಿದ ಮಂದಿ. ನಾನು ಬಳ್ಳಾರಿ, ಕೊಪ್ಪಳ ಕಡೆ ಈ ಕೆಲಸ ಮಾಡುವಾಗ ಎಲ್ಲಕ್ಕಿಂತ ಗಟ್ಟಿ ದಾನಿಗಳು ಸಿಕ್ಕಿದ್ದು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್, ಬಿಸಿಎಂ ಹಾಸ್ಟೆಲಿನಾಗ ಓದಿದೋರು. ಅವರೀಗ ಮಾಸ್ತರು, ನರ್ಸು, ಎಫ್‌ಡಿಎ, ಬ್ಯಾಂಕ್ ಕ್ಲರ್ಕು, ಜೆಸ್ಕಾಂ ಲೈನ್‌ಮನ್ನು ಆಗ್ಯಾರ. ಕಲ್ಯಾಣ ಕರ್ನಾಟಕಕ್ಕ ನೌಕರಿ ಮೀಸಲಾತಿ ಕೊಡೋ 371ಜೆ ಬಂದ ಮ್ಯಾಲ ನಮ್ಮ ಭಾಗದ ಹುಡುಗ ಹುಡುಗ್ಯಾರಿಗೆ ಸರ್ಕಾರಿ ನೌಕರಿ ಸಿಕ್ಕೈತಿ, ಮನಿಯಾಗ ಮೊದಲ ಪಗಾರ ಅವರದ್ದೇ. ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರ, ಎಲ್‌ಐಸಿ ಆಫೀಸ್, ಜಿಲ್ಲಾ ಆಸ್ಪತ್ರೆ, ಡಿಗ್ರಿ ಕಾಲೇಜು, ಇಲ್ಲೆಲ್ಲಾ ಇಂಥೋರು ಕುಂತಾರ. ಹಾಸ್ಟೆಲ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಾಗ ಒಬ್ಬ ಸೇರಿದ್ರ ಅವನೇ ಇನ್ನು ಮೂರು ಮಂದಿನ್ನ ಎಳ್ಕೊಂಡು ಬರ್ತಾನ. ಬೆಂಗಳೂರಿನಾಗ ಸಾಫ್ಟ್‌ವೇರ್ ಮಾಡೋ ನಮ್ಮ ಕಡೆ ಹುಡುಗರೂ ಅದಾರ, ಆದ್ರ ಅವರು ಲಗೂನ ಸೇರಿ ಲಗೂನ ಬಿಡ್ತಾರ, ಊರಿಗೆ ಬಂದಾಗ ನಿಮ್ಮ ಆಫೀಸಿಗೆ ಕರೀರಿ, ಕೋರ್ಟಿಗೆ ಒಂದಿನ ಕರ್ಕೊಂಡು ಹೋಗ್ರಿ, ಆಗ ನಿಲ್ತಾರ.

ಮೊದಲು ಮಾಡಬೇಕಾದ್ದು ಇಷ್ಟ. ಹಿಂದಿನ ಮೂರು ನಾಲ್ಕು ವರ್ಷದಾಗ ನಿಮಗ ಒಂದು ಸಲ ಆದ್ರೂ ರೊಕ್ಕ ಕೊಟ್ಟೋರು ಯಾರ್ಯಾರು, ಪಾಸ್‌ಬುಕ್, ರಶೀದಿ ಬುಕ್ ತೆಗೆದು ಹೆಸರು ಬರೀರಿ. ಘಟನೆ ಆದಾಗ 500 ಹಾಕಿದೋರು, ಸಭೆಗೆ ಊಟ ಕೊಡಿಸಿದೋರು, ಗಾಡಿ ಕೊಟ್ಟೋರು, ಫೀಸ್ ತಗೊಳ್ಳದ ವಕೀಲರು, ಎಲ್ಲಾ. ಇವರು ನಿಮ್ಮನ್ನ ನಂಬಿದ ಮಂದಿ ಆಗಲೇ, ಹೊಸಬರನ್ನ ಹುಡುಕೋಕ್ಕಿಂತ ಇವರನ್ನ ತಿಂಗಳ ದಾನಿ ಮಾಡೋದು ಬಹಳ ಸಲೀಸು. ನಿಮ್ಮ ಕಮಿಟಿ ಮೆಂಬರುಗಳು ಮೊದಲು ತಾವು ಶುರು ಮಾಡ್ಬೇಕು, 100 ರೂಪಾಯಿ ಆಗ್ಲಿ. ತಾನೇ ಕೊಡದೋನು ಇನ್ನೊಬ್ಬರ ಮುಂದ ಕೇಳಾಕ ಹೋದ್ರ ಮಾತು ಗಂಟಲಾಗೇ ಸಿಕ್ಕೊಳ್ತೈತಿ.

ಕೇಳೋದು ಹೆಂಗ ಅನ್ನೋದರಾಗೇ ಅರ್ಧ ಕೆಲಸ ಐತಿ, ಇದನ್ನ ಸ್ವಲ್ಪ ವಿಸ್ತಾರ ಹೇಳ್ತೀನಿ. ‘ನಿಮ್ಮ ಕೈಲಾದಷ್ಟು ಕೊಡ್ರಿ’ ಅನ್ನಬ್ಯಾಡ್ರಿ. ಹಂಗಂದ್ರ ಅವರಿಗೆ ಲೆಕ್ಕ ತಿಳಿಯಂಗಿಲ್ಲ, 100 ಕೊಟ್ರ ಕಡಿಮಿ ಆತೋ ಏನೋ ಅಂತ ನಾಚಿಕೊಂಡು ‘ನೋಡೋಣಂತ’ ಅಂತಾರ, ಅಲ್ಲಿಗೆ ಮುಗೀತು. ‘ಸರ, ತಿಂಗಳಿಗೆ 200 ರೂಪಾಯಿ ಒಂದು ವರ್ಷ ಕೊಡ್ತೀರೇನು’ ಅಂತ ಸೀದಾ ಕೇಳ್ರಿ, ಕೇಳಿ ಸುಮ್ಮನಾಗ್ರಿ. ಅವರು ಯೋಚನಿ ಮಾಡೋ ಹೊತ್ತಿಗೆ ನೀವೇ ಮುಂದಾಗಿ ‘ಆಗ್ಲಿಲ್ಲಂದ್ರ ನೂರಾದ್ರೂ’ ಅಂತ ಇಳಿಸಾಕ ಹೋಗಬ್ಯಾಡ್ರಿ, ನಮ್ಮ ಹೆಣ್ಮಕ್ಕಳು ಕಾರ್ಯಕರ್ತೆಯರು ಎಲ್ಲಾರೂ ಇದನ್ನ ಮಾಡ್ತಾರ, ಸಂಕೋಚಕ್ಕ. ಕೇಳೋ ಜಾಗನೂ ಮುಖ್ಯ. ನಾಲ್ಕು ಮಂದಿ ಮುಂದ ಕೇಳಿದ್ರ ಮರ್ಯಾದಿಗೆ ಹೂಂ ಅಂತಾರ, ಎರಡನೇ ತಿಂಗಳು ನಿಲ್ಲಿಸ್ತಾರ. ಚಾದಂಗಡ್ಯಾಗ ಒಬ್ಬರನ್ನೇ ಕುಂದ್ರಿಸಿ ಕೇಳ್ರಿ.

ಆ 200 ರೂಪಾಯಿ ಏನು ಮಾಡ್ತೈತಿ ಅನ್ನೋದು ನಿಮ್ಮ ಬಾಯಾಗ ರೆಡಿ ಇರಬೇಕು. ಬಹಳ ಮಂದಿ ಕೇಳ್ತಾರ, ‘ಅಲ್ರಿ, ಬಡವರಿಗೆ ಸರ್ಕಾರನೇ ವಕೀಲರನ್ನ ಕೊಡ್ತೈತಲ್ಲ?’ ಕೊಡ್ತೈತಿ, ಕಾನೂನು ಸೇವಾ ಪ್ರಾಧಿಕಾರದಿಂದ ಬಿಟ್ಟಿ ವಕೀಲರು ಸಿಗ್ತಾರ, ಅಟ್ರಾಸಿಟಿ ಕೇಸಿನಾಗ ಸರ್ಕಾರಿ ವಕೀಲರೇ ನಡೆಸ್ತಾರ. ಆದ್ರ ದೇವದುರ್ಗ ಕಡೆ ಹಳ್ಳಿಯಿಂದ ಸಾಕ್ಷಿ ಹೇಳಾಕ ರಾಯಚೂರಿಗೆ ಬರೋ ಕೂಲಿಕಾರಂದು ಅವತ್ತಿನ ದಿನ ಹೋತು. ನರೇಗಾ ಕೂಲಿ ಲೆಕ್ಕನೇ ಹಿಡಿದ್ರೂ 2025-26ರಾಗ ದಿನಕ್ಕ 370 ರೂಪಾಯಿ ಇತ್ತು. ಹೆಣ್ಮಕ್ಕಳಿಗೆ ಶಕ್ತಿ ಯೋಜನೆ ಬಸ್ಸು ಫ್ರೀ ಐತಿ, ಗಂಡಸರು ಟಿಕೀಟ್ ತಗೊಬೇಕು, ಊಟ, ಚಾ, ಝೆರಾಕ್ಸ್ ಬ್ಯಾರೆ. ಸಾಕ್ಷಿದಾರರಿಗೆ ಭತ್ಯೆ ಕೊಡಬೇಕಂತ 1995ರ ಅಟ್ರಾಸಿಟಿ ರೂಲ್ಸಿನಾಗೇ ಐತಿ, ಅರ್ಜಿ ಬರೆದು ಬೆನ್ನತ್ತಿ ಅದನ್ನ ಕೊಡಿಸೋದೂ ನಿಮ್ಮ ಕಾರ್ಯಕರ್ತೆ ಕೆಲಸನೇ. ಜೀತದಿಂದ ಬಿಡಿಸಿದ ಮಂದಿಗೆ ಬಿಡುಗಡೆ ಪತ್ರ ಬೇಕಂದ್ರ ಲಿಂಗಸೂಗೂರು ಎಸಿ ಆಫೀಸಿಗೆ ಓಡಾಡಬೇಕು, ಹೈಕೋರ್ಟಿಗೆ ಹೋತಂದ್ರ ಕಲಬುರಗಿ ಪೀಠ. ಕೇಸು ಗೆಲ್ಲೋದು ಸೋಲೋದು ಬಹಳ ಸಲ ಸಾಕ್ಷಿ ಕೋರ್ಟಿಗೆ ಬಂದ್ನೋ ಇಲ್ವೋ, ಬಂದು ಮಾತು ತಿರುಗಿಸಿದ್ನೋ ಅನ್ನೋದ್ರ ಮ್ಯಾಲ ನಿಂತಿರ್ತೈತಿ. ‘ನಿಮ್ಮ ಎರಡು ತಿಂಗಳ ರೊಕ್ಕ ಒಬ್ಬ ಸಾಕ್ಷಿಗೆ ಒಂದು ದಿನದ ಕೂಲಿ’ ಅಂತ ಹೇಳಿದ್ರ ಮಾಸ್ತರಿಗೆ ತಕ್ಷಣ ತಿಳೀತೈತಿ, ‘ಸಾಮಾಜಿಕ ನ್ಯಾಯಕ್ಕೆ ಬೆಂಬಲಿಸಿ’ ಅಂದ್ರ ಅದು ಗೋಡಿ ಬರಹ ಆಗ್ತೈತಿ.

ಮತ್ತ ಯಾಕ ತಿಂಗಳಾ ತಿಂಗಳಾ ಬೇಕು, ಒಮ್ಮಿಗೆ ಯಾಕ ಸಾಲಂಗಿಲ್ಲ? ಅದಕ್ಕ ನಮ್ಮ ಪಕ್ಕದ ಉದಾಹರಣಿನೇ ಐತಿ. ಗಂಗಾವತಿ ತಾಲ್ಲೂಕಿನ ಮರಕುಂಬಿಯೊಳಗ ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದ್ದು 2014ರ ಆಗಸ್ಟ್‌ನಾಗ. ಕೊಪ್ಪಳ ಕೋರ್ಟ್ 101 ಮಂದಿ ತಪ್ಪಿತಸ್ಥರು ಅಂತ ಹೇಳಿ 98 ಮಂದಿಗೆ ಜೀವಾವಧಿ ಕೊಟ್ಟಿದ್ದು 2024ರ ಅಕ್ಟೋಬರ್‌ನಾಗ. ಹತ್ತು ವರ್ಷ. ಅದರ ಮ್ಯಾಲ ಅಪೀಲು. ಘಟನೆ ಆದ ವಾರ ಟಿವಿಯೋರು, ಮಂತ್ರಿಗಳು, ಅಕ್ಕಿ ಮೂಟಿ ಕೊಡೋರು ಎಲ್ಲಾ ಬರ್ತಾರ, ಏಳನೇ ವರ್ಷದ ಮುಂದೂಡಿದ ತಾರೀಖಿಗೆ ಯಾರು ಬರ್ತಾರ ಹೇಳ್ರಿ? ಅವತ್ತಿನ ಖರ್ಚಿಗೇ ನಾನು ತಿಂಗಳ ರೊಕ್ಕ ಅನ್ನೋದು. ದಾನಿಗೂ ಹಿಂಗ ಹೇಳ್ರಿ, ಸುದ್ದಿ ಇಲ್ಲದ ತಿಂಗಳಿಗೆ ನಿಮ್ಮ ರೊಕ್ಕ ಬೇಕು ಅಂತ.

80ಜಿ ಬಗ್ಗೆ ಕೇಳೀರಿ. ಮಾಡಿಸ್ರಿ, ಸಂಸ್ಥೆಗೆ ಒಂದು ಮರ್ಯಾದಿ ಬರ್ತೈತಿ, ಆದ್ರ ಅದನ್ನ ನಂಬಿ ಕೂಡಬ್ಯಾಡ್ರಿ. ಲೆಕ್ಕ ನೋಡ್ರಿ: 200ರ ದಾನಿ ವರ್ಷಕ್ಕ ಕೊಡೋದು 2,400. 80ಜಿಯೊಳಗ ಅದರ ಅರ್ಧ, 1,200ಕ್ಕ ವಿನಾಯ್ತಿ. 20 ಪರ್ಸೆಂಟ್ ಸ್ಲ್ಯಾಬಿನೋನಿಗೆ ಉಳಿಯೋದು ಸುಮಾರು 250 ರೂಪಾಯಿ, ಅದೂ ಹಳೇ ಟ್ಯಾಕ್ಸ್ ಪದ್ಧತಿ ಆರಿಸಿಕೊಂಡಿದ್ರ ಮಾತ್ರ. ಹೊಸ ಪದ್ಧತಿಯೊಳಗ 80ಜಿ ಇಲ್ಲ, 2025-26ರಿಂದ ಅದರಾಗ 12 ಲಕ್ಷದ ತನಕ ಟ್ಯಾಕ್ಸೇ ಇಲ್ಲ, ನಿಮ್ಮ ಮಾಸ್ತರು, ನರ್ಸುಗಳೆಲ್ಲಾ ಅಲ್ಲೇ ಹೋಗಿರ್ತಾರ. 250 ರೂಪಾಯಿ ಉಳಿಸಾಕ ಯಾರೂ 2,400 ಕೊಡಂಗಿಲ್ಲ ಬಿಡ್ರಿ. ರಿಟೈರ್ಡ್ ಪ್ರೊಫೆಸರು, ಡಾಕ್ಟ್ರು ವರ್ಷಕ್ಕ 25 ಸಾವಿರ ಕೊಡೋರಿದ್ರ ಅವರು ಕೇಳ್ತಾರ, ಅವರಿಗೆ ಬೇಕು. ಮಾಡಿಸಿದ ಮ್ಯಾಲ ಒಂದು ಜವಾಬ್ದಾರಿ ಬರ್ತೈತಿ: ಹಣಕಾಸು ವರ್ಷ ಮುಗಿದ ಮ್ಯಾಲ ಮೇ 31ರೊಳಗ ಯಾರ್ಯಾರು ಎಷ್ಟು ಕೊಟ್ರು ಅಂತ ಪ್ಯಾನೋ ಆಧಾರೋ ಹಾಕಿ ಇಲಾಖೆಗೆ ಸ್ಟೇಟ್‌ಮೆಂಟ್ ಕೊಡಬೇಕು, 10ಬಿಡಿ ಅಂತಾರ. ತಪ್ಪಿದ್ರ ದಿನಕ್ಕ 200 ರೂಪಾಯಿ ಫೀಸು, ಒಬ್ಬ ದಾನಿ ತಿಂಗಳ ರೊಕ್ಕ ದಿನಾ ಹೋದಂಗ. 2,000ಕ್ಕ ಮೀರಿ ಕ್ಯಾಶ್ ಕೊಟ್ಟೋರಿಗೆ 80ಜಿ ಸಿಗಂಗಿಲ್ಲ. ಅಂದಹಂಗ 2026ರ ಏಪ್ರಿಲ್ 1ರಿಂದ ಲೆಕ್ಕಕ್ಕ ಹೊಸ ಇನ್‌ಕಮ್ ಟ್ಯಾಕ್ಸ್ ಕಾಯ್ದೆ, ಸೆಕ್ಷನ್, ಫಾರ್ಮ್ ನಂಬರ್ ಎಲ್ಲಾ ಬ್ಯಾರೆ, ಆಡಿಟರನ್ನ ಕೇಳಿ ರಶೀದಿ ಪ್ರಿಂಟ್ ಹಾಕಿಸ್ರಿ.

ರೊಕ್ಕ ಬರೋ ದಾರಿ ಆದಷ್ಟು ಸಲೀಸಾಗಿರಬೇಕು, ದಾನಿ ತಿಂಗಳಾ ನೆನಪಿಟ್ಕೊಂಡು ಹಾಕಬೇಕು ಅಂದ್ರ ಮೂರನೇ ತಿಂಗಳು ಮರೀತಾನ, ನೀವು ನೆನಪಿಸಾಕ ಫೋನ್ ಮಾಡ್ಬೇಕು, ಇಬ್ಬರಿಗೂ ಮುಜುಗರ. ಅದಕ್ಕ ಆಟೋಮ್ಯಾಟಿಕ್ ಕಟ್ ಆಗೋ ವ್ಯವಸ್ಥೆ ಮಾಡ್ರಿ. ಯುಪಿಐ ಆಟೋಪೇ ಸದ್ಯಕ್ಕ ಸಲೀಸು, ಫೋನ್‌ಪೇನೋ ಗೂಗಲ್‌ಪೇನೋ ಇದ್ದೋರು ಒಂದು ಸಲ ಪಿನ್ ಹಾಕಿದ್ರ ಆತು, 15,000ದ ತನಕ ಪ್ರತಿ ತಿಂಗಳು ಮತ್ತ ಪಿನ್ ಕೇಳಂಗಿಲ್ಲ, ಕಟ್ ಆಗೋ ಮುಂಚೆ ಮೆಸೇಜ್ ಬರ್ತೈತಿ. ಇದಕ್ಕ ಪೇಮೆಂಟ್ ಗೇಟ್‌ವೇ ಕಂಪನಿ ಜೋಡಿ ಖಾತೆ ತೆಗೀಬೇಕು, ಸಂಸ್ಥೆ ಪ್ಯಾನ್, ನೋಂದಣಿ ಪತ್ರ, ಠರಾವು ಕೇಳ್ತಾರ, ಸ್ವಲ್ಪ ಕಮಿಷನ್ ಹಿಡೀತಾರ. ಅದು ಆಗೋ ತನಕ ಕಾಯಬ್ಯಾಡ್ರಿ, ನಿಮ್ಮ ಖಾತೆ ಇರೋ ಬ್ಯಾಂಕಿನಾಗೇ ದಾನಿ ಖಾತೆನೂ ಇದ್ರ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಫಾರ್ಮ್ ತುಂಬಿಸ್ರಿ, ಗ್ರಾಮೀಣ ಬ್ಯಾಂಕಿನಾಗೂ ಕೇಳಿ ನೋಡ್ರಿ. ಎನ್‌ಎಸಿಎಚ್ ಮ್ಯಾಂಡೇಟ್ ಅಂತ ಇನ್ನೊಂದು ಐತಿ, ಖಾತೆಯಿಂದ ತಿಂಗಳಾ ಕಟ್ ಮಾಡ್ಕೊಳ್ಳಾಕ ದಾನಿ ಬ್ಯಾಂಕಿಗೆ ಕೊಡೋ ಒಪ್ಪಿಗಿ, ಅದು ಸಾವಿರ ಎರಡು ಸಾವಿರ ಕೊಡೋರಿಗೆ ಸರಿ. ಸಣ್ಣ ದಾನಿಗೆ ಬ್ಯಾಡ ಅಂತೀನಿ ಯಾಕಂದ್ರ ಖಾತೆಯಾಗ ರೊಕ್ಕ ಇಲ್ಲದ ದಿನ ಅದು ಬೌನ್ಸ್ ಆದ್ರ ಬ್ಯಾಂಕಿನೋರು ಹಾಕೋ ದಂಡ ಅವನ 200ಕ್ಕಿಂತ ಜಾಸ್ತಿ ಆಗಬಹುದು, ಅವತ್ತೇ ಅವ ನಿಮ್ಮನ್ನ ಬಿಡ್ತಾನ.

ಕಟ್ ಆಗೋ ತಾರೀಖು ಪಗಾರ ನೋಡಿ ಇಡ್ರಿ. ತಿಂಗಳ 5ರಿಂದ 10ರೊಳಗ ಇಟ್ರ ಬಹುತೇಕ ಸಿಗ್ತೈತಿ, 25ಕ್ಕ ಇಟ್ರ ಖಾಲಿ ಖಾತೆ. ಅತಿಥಿ ಉಪನ್ಯಾಸಕರು, ಔಟ್‌ಸೋರ್ಸ್ ನೌಕರರು, ಆಶಾ ಕಾರ್ಯಕರ್ತೆಯರು, ಇವರಿಗೆ ಪಗಾರ ಯಾವಾಗ ಬರ್ತೈತಿ ಅಂತ ಅವರಿಗೇ ಗೊತ್ತಿರಂಗಿಲ್ಲ, ಅವರನ್ನ ಆಟೋಪೇಗೆ ಹಾಕಬ್ಯಾಡ್ರಿ, ವರ್ಷಕ್ಕ ಒಮ್ಮಿ ಕೊಡಲಿ. ಕಟ್ ಆಗದಿದ್ರ ಅದೇ ವಾರ ಫೋನ್ ಮಾಡ್ರಿ, ‘ಬಾಕಿ ಐತಿ’ ಅನ್ನೋ ಮಾತು ಬಾಯಿಗೆ ಬರಬಾರದು. ‘ಅಣ್ಣಾರ, ಈ ಸಲ ಬ್ಯಾಂಕಿಂದ ಆಗಿಲ್ಲ, ಏನೂ ಚಿಂತಿ ಇಲ್ಲ, ಎಲ್ಲಾ ಆರಾಮಲ್ಲ?’ ಅಷ್ಟ. ದಾನಿ ಮನಸ್ಸು ಮುರಿದು ಬಿಡೋದು ಕಡಿಮಿ, ಫೋನ್ ಬದಲಾತು, ಖಾತೆ ಬದಲಾತು, ಯಾರೂ ಕೇಳ್ಲಿಲ್ಲ ಅಂತ ಬಿಡೋರೇ ಜಾಸ್ತಿ. ಆಪ್‌ನಾಗ ಹೆಂಗ ಬಂದ್ ಮಾಡೋದು ಅನ್ನೋದನ್ನೂ ಮೊದಲ ದಿನಾನೇ ತೋರಿಸಿಕೊಡ್ರಿ, ಬಿಡಾಕ ಬರ್ತೈತಿ ಅಂತ ಗೊತ್ತಿದ್ದೋರು ಧೈರ್ಯದಿಂದ ಸೇರ್ತಾರ.

ರೈತರದು ಬ್ಯಾರೆ ಲೆಕ್ಕ. ತುಂಗಭದ್ರಾ ಡ್ಯಾಮಿನ ಎಡದಂಡಿ ಕಾಲುವಿ ಕೆಳಗ ಭತ್ತ ಬೆಳೆಯೋರಿಗೆ ತಿಂಗಳ ಪಗಾರ ಇಲ್ಲ, ಸುಗ್ಗಿ ರೊಕ್ಕ. ಅವರನ್ನ ಭತ್ತ ಮಾರಿದ ಮ್ಯಾಲ ಕೇಳ್ರಿ, ವರ್ಷಕ್ಕ ಒಂದು ಬೆಳಿಗೆ ಇಷ್ಟು ಅಂತ. ಎರಡನೇ ಬೆಳಿ ಭರವಸಿ ಮ್ಯಾಲ ಬಜೆಟ್ ಹಾಕಬ್ಯಾಡ್ರಿ, ಡ್ಯಾಮಿನಾಗ ನೀರಿದ್ರ ಉಂಟು. 2024ರ ಆಗಸ್ಟ್‌ನಾಗ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಆಯಕಟ್ಟಿನ ಮಂದಿ ಜೀವ ಕೈಯಾಗ ಹಿಡ್ಕೊಂಡಿದ್ದು ನೋಡೀರಲ್ಲ. ಬೆಂಗಳೂರಿಗೆ, ಹೈದರಾಬಾದಿಗೆ ದುಡಿಯಾಕ ಗುಳೆ ಹೋಗೋ ಮಂದಿನ್ನ ಕೇಳೋದೇ ಬ್ಯಾಡ ಅಂತೀನಿ ನಾನು.

ಹಂಗಾದ್ರ ನೀವು ಸಹಾಯ ಮಾಡಿದ ಮಂದಿ? ಇದು ನಾಜೂಕಿನ ವಿಷಯ. ಕೇಸು ನಡೆದಿರೋ ತನಕ ಅವರ ಹತ್ರ ಒಂದು ರೂಪಾಯಿನೂ ತಗೊಬ್ಯಾಡ್ರಿ, ನಾಳೆ ಎದುರು ಪಾರ್ಟಿ ವಕೀಲರು ‘ರೊಕ್ಕ ತಗೊಂಡು ಕೇಸು ಹಾಕಿಸ್ಯಾರ’ ಅಂತಾರ. ಕೇಸು ಮುಗಿದ ಮ್ಯಾಲ ತಾವಾಗೇ ಬಂದು ಕೊಟ್ರ ಮಾತ್ರ ಬ್ಯಾಡ ಅನ್ನಬ್ಯಾಡ್ರಿ. ಕೊಡೋ ಹಕ್ಕು ಅವರಿಗೂ ಐತಿ, ಯಾವಾಗಲೂ ತಗೊಳ್ಳೋರಾಗೇ ಇರಬೇಕು ಅಂದ್ರ ಅದೂ ಒಂದು ಅವಮಾನನೇ. ಸಂಘದ ಮೆಂಬರ್ ಮಾಡ್ಕೊಂಡು ವರ್ಷಕ್ಕ 50 ರೂಪಾಯಿ ಫೀಸ್ ತಗೊಂಡು ರಶೀದಿ ಕೊಡ್ರಿ, ಮೀಟಿಂಗಿನಾಗ ಲೆಕ್ಕ ಕೇಳೋ ಅಧಿಕಾರನೂ ಕೊಡ್ರಿ.

ವಿದೇಶದಾಗ ಇರೋ ನಮ್ಮೂರ ಹುಡುಗರು ಕೊಡ್ತೀನಂದ್ರ ಏನು ಮಾಡೋದು? ಭಾರತದ ಪಾಸ್‌ಪೋರ್ಟ್ ಇದ್ದೋರು ದುಬೈನಾಗಿರಲಿ ಅಮೆರಿಕಾದಾಗಿರಲಿ, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ರ ಅದು ವಿದೇಶಿ ದೇಣಿಗೆ ಆಗಂಗಿಲ್ಲ, ಪಾಸ್‌ಪೋರ್ಟ್ ಕಾಪಿ ತಗೊಂಡು ಫೈಲಿಗೆ ಹಾಕ್ರಿ. ಅಲ್ಲಿನ ಪೌರತ್ವ ತಗೊಂಡೋರು, ಒಸಿಐ ಕಾರ್ಡಿನೋರು, ಅವರು ಎಷ್ಟೇ ನಮ್ಮೂರಿನೋರಾದ್ರೂ ಕಾನೂನಿನ ಪ್ರಕಾರ ವಿದೇಶಿ ಮೂಲ, ನೂರು ರೂಪಾಯಿನೂ ಮುಟ್ಟಬ್ಯಾಡ್ರಿ. ನಿಮ್ಮಂಥಾ ಸಂಘಟನೆಗೆ ತೊಂದ್ರಿ ಕೊಡಬೇಕು ಅನ್ನೋರಿಗೆ ಅಂಥಾ ಒಂದು ಎಂಟ್ರಿ ಸಾಕು.

ಈಗ ಹಕ್ಕಿನ ಕೆಲಸಕ್ಕ ಮಾತ್ರ ಇರೋ ಕಷ್ಟ ಹೇಳ್ತೀನಿ, ಅನಾಥಾಶ್ರಮ ನಡೆಸೋರಿಗೆ ಇದು ಇಲ್ಲ. ನಿಮ್ಮ ದಾನಿ ಇರೋ ಓಣಿಯಾಗೇ, ಅವನ ಜಾತಿಯೋರ ಮ್ಯಾಲನೇ, ಕೆಲವೊಮ್ಮೆ ಅವನ ಬೀಗರ ಮ್ಯಾಲನೇ ನೀವು ನಾಳೆ ಕೇಸು ಹಾಕಿಸ್ತೀರಿ. ‘ನಮ್ಮ ಊರ ಮರ್ಯಾದಿ ತೆಗೆದ್ರಿ’ ಅಂತ ಫೋನ್ ಬರ್ತೈತಿ, ಆ ತಿಂಗಳು ಹತ್ತು ಮಂದಿ ಬಿಡ್ತಾರ. ಇದನ್ನ ತಪ್ಪಿಸಾಕ ಆಗಂಗಿಲ್ಲ, ತಪ್ಪಿಸಾಕ ಹೋದ್ರ ನೀವು ಕೇಸು ಆರಿಸ್ಕೊಳ್ಳಾಕ ಶುರು ಮಾಡ್ತೀರಿ. ಅದಕ್ಕ ಸೇರಿಸ್ಕೊಳ್ಳೋವಾಗಲೇ ಹೇಳ್ರಿ, ‘ನಾವು ದೌರ್ಜನ್ಯ ಆದೋರ ಪರ ನಿಲ್ತೀವಿ, ಮಾಡಿದೋರು ಯಾರೇ ಆಗಿರ್ಲಿ, ಒಂದಿನ ನಿಮಗೂ ಬ್ಯಾಸರ ಆಗಬಹುದು’ ಅಂತ. ಕೇಳಿ ಹಿಂದ ಸರಿಯೋರು ಸರೀಲಿ. ಮತ್ತ ಒಬ್ಬನೇ ದಾನಿಯಿಂದ ನಿಮ್ಮ ತಿಂಗಳ ಖರ್ಚಿನ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ತಗೊಬ್ಯಾಡ್ರಿ, ಅರ್ಧ ಕೊಡೋನು ಅರ್ಧ ಮಾಲೀಕ ಆಗ್ತಾನ. ಎಲೆಕ್ಷನ್ ಹತ್ರ ಬಂದಾಗ ಪಾರ್ಟಿಯೋರು ಕೊಡಾಕ ಬರ್ತಾರ, ಯಾವ ಪಾರ್ಟಿ ಆದ್ರೂ ಚಾ ಕುಡಿಸಿ ಕಳಿಸ್ರಿ.

ಸರ್ಕಾರಿ ನೌಕರರಿಗೆ ಇನ್ನೊಂದು ಅಂಜಿಕಿ: ‘ನನ್ನ ಹೆಸರು ಬಂದ್ರ ಸಾಹೇಬ್ರು ಏನಂತಾರೋ.’ ಅಂಜಿಕಿ ಸುಳ್ಳಲ್ಲ. ದಾನಿಗಳ ಹೆಸರು ಬ್ಯಾನರಿಗೆ, ಗ್ರೂಪಿಗೆ, ವಾರ್ಷಿಕ ವರದಿಗೆ ಹಾಕಬ್ಯಾಡ್ರಿ, ಕೇಳಿ ಒಪ್ಪಿದೋರದು ಮಾತ್ರ. ಆದ್ರ ಹೆಸರು ಪ್ರಿಂಟ್ ಮಾಡದಿರೋದು ಬ್ಯಾರೆ, ಬರ್ಕೊಳ್ಳದಿರೋದು ಬ್ಯಾರೆ. ಲೆಕ್ಕದ ಪುಸ್ತಕದಾಗ ಹೆಸರು, ವಿಳಾಸ ಇರಲೇಬೇಕು, ಹೆಸರಿಲ್ಲದ ದಾನ ಒಂದು ಮಿತಿ ಮೀರಿದ್ರ ಮೇಲಿನ ರೊಕ್ಕಕ್ಕ 30 ಪರ್ಸೆಂಟ್ ಟ್ಯಾಕ್ಸ್ ಬೀಳ್ತೈತಿ, ಒಂದು ಲಕ್ಷ ಅಥವಾ ಒಟ್ಟು ದಾನದ 5 ಪರ್ಸೆಂಟ್, ಯಾವ್ದು ಜಾಸ್ತಿನೋ ಅದು ಮಿತಿ. ದಾನಿಗಳ ಪಟ್ಟಿ ಒಬ್ಬರ ಕೈಯಾಗೇ ಇರಲಿ, ಎಲ್ಲಾರ ಮೊಬೈಲಿನಾಗ ಎಕ್ಸೆಲ್ ಓಡಾಡೋದು ಬ್ಯಾಡ.

ಸೇರಿದ ಮ್ಯಾಲ ಅವರಿಗೆ ಏನು ಕಳಿಸ್ತೀರಿ? ತಿಂಗಳಿಗೆ ಒಂದು ಮೆಸೇಜ್ ಸಾಕು, ಕಾರ್ಯಕರ್ತೆ ದನಿಯಾಗ ಒಂದೆರಡು ನಿಮಿಷದ ವಾಯ್ಸ್ ಆದ್ರ ಇನ್ನೂ ಚಲೋ. ವಾಟ್ಸಾಪ್ ಬ್ರಾಡ್‌ಕಾಸ್ಟಿನಾಗ ಕಳಿಸ್ರಿ, ಗ್ರೂಪ್ ಮಾಡಿದ್ರ ಗುಡ್ ಮಾರ್ನಿಂಗ್ ಹೂವು ತುಂಬ್ತಾವ, ಯಾರು ದಾನಿ ಅಂತ ಎಲ್ಲಾರಿಗೂ ಗೊತ್ತಾಗ್ತೈತಿ. ಬ್ರಾಡ್‌ಕಾಸ್ಟ್ ಮುಟ್ಟಬೇಕಂದ್ರ ಅವರ ಫೋನಿನಾಗ ನಿಮ್ಮ ನಂಬರ್ ಸೇವ್ ಇರಬೇಕು, ಸೇರಿಸ್ಕೊಂಡ ದಿನ ನಿಮ್ಮ ಮುಂದೇ ಸೇವ್ ಮಾಡಿಸ್ರಿ. ಮೆಸೇಜಿನಾಗ ಇದ್ದದ್ದು ಇದ್ದಂಗ ಹೇಳ್ರಿ: ‘ಈ ತಿಂಗಳು ಮೂರು ತಾರೀಖು ಇದ್ವು, ಎರಡು ಮುಂದಕ್ಕ ಹೋದ್ವು, ಒಂದರಾಗ ಸಾಕ್ಷಿ ಆತು.’ ಗೆದ್ದ ಸುದ್ದಿ ಮಾತ್ರ ಕಳಿಸಬೇಕು ಅಂತ ಕಾದ್ರ ವರ್ಷಗಟ್ಟಲೆ ಕಳಿಸಾಕ ಏನೂ ಇರಂಗಿಲ್ಲ. ನೊಂದೋರ ಫೋಟೋ, ಹೆಸರು, ಊರು ಹಾಕಿ ರೊಕ್ಕ ಕೇಳೋದು ಮಾತ್ರ ಎಂದೂ ಬ್ಯಾಡ್ರಿ. ಅತ್ಯಾಚಾರದ ಕೇಸಿನಾಗ ಗುರುತು ಹೊರಗ ಹಾಕೋದೇ ಅಪರಾಧ, ಮಕ್ಕಳ ಕೇಸಿನಾಗ ಪೋಕ್ಸೋ ಕಾಯ್ದೆನೂ ಬರ್ತೈತಿ, ಬಾಕಿ ಕೇಸಿನಾಗೂ ಸಾಕ್ಷಿದಾರನ ಫೋಟೋ ಊರಾಗ ಓಡಾಡಿದ್ರ ಅವನ ಮ್ಯಾಲ ಒತ್ತಡ ಹಾಕೋರಿಗೆ ನೀವೇ ದಾರಿ ತೋರಿಸಿದಂಗ. ಅಳೋ ಮುಖ ತೋರಿಸಿ ತಂದ ದಾನಿ ಮುಂದಿನ ತಿಂಗಳು ಇನ್ನೂ ಜಾಸ್ತಿ ಅಳೋ ಮುಖ ಕೇಳ್ತಾನ.

ವರ್ಷಕ್ಕ ಒಮ್ಮಿ ಒಂದು ಪುಟದ ಲೆಕ್ಕ ಕನ್ನಡದಾಗ ಬರೆದು ಕಳಿಸ್ರಿ, ಬಂದದ್ದೆಷ್ಟು, ಪಗಾರಕ್ಕೆಷ್ಟು, ಓಡಾಟಕ್ಕೆಷ್ಟು. ಪಗಾರ ಅಂತ ಬರೆಯಾಕ ನಾಚಬ್ಯಾಡ್ರಿ, ಕೆಲಸ ಮಾಡೋದು ಮನುಷ್ಯರೇ. ಟ್ರಸ್ಟಿಗೆ 12ಎಬಿ, ಅಂದ್ರ ಸಂಸ್ಥೆ ಆದಾಯಕ್ಕ ಟ್ಯಾಕ್ಸ್ ವಿನಾಯ್ತಿ ಕೊಡೋ ನೋಂದಣಿ, ಇದ್ರ ಬಂದ ಆದಾಯದಾಗ 85 ಪರ್ಸೆಂಟ್ ಖರ್ಚು ಮಾಡಬೇಕು, 15 ಪರ್ಸೆಂಟ್ ಇಟ್ಕೊಳ್ಳಾಕ ಬರ್ತೈತಿ, ಆ 15ನ್ನ ಮುಟ್ಟದಂಗ ಇಟ್ಟು ಮೂರು ತಿಂಗಳ ಖರ್ಚಿನಷ್ಟು ಗಂಟು ಮಾಡ್ಕೊಳ್ರಿ, ಹತ್ತು ಮಂದಿ ಸಿಟ್ಟಾಗಿ ಬಿಟ್ಟ ತಿಂಗಳು ಅದೇ ಕಾಯ್ತೈತಿ. ಒಂದು ವರ್ಷ ಪೂರ್ತಿ ಕೊಟ್ಟೋರನ್ನ ಮತ್ತೊಮ್ಮೆ ಮುಖಾ ನೋಡಿ ಕೇಳ್ರಿ, ‘200 ಇದ್ದದ್ದು 300 ಮಾಡ್ತೀರೇನು’ ಅಂತ, ವೇತನ ಬಡ್ತಿ ಬಂದ ಸುತ್ತ ಕೇಳಿದ್ರ ಬಹಳ ಮಂದಿ ಹೂಂ ಅಂತಾರ.

ಇದೆಲ್ಲಾ ಯಾರು ಮಾಡೋದು ಅಂತ ನೀವು ಕೇಳೇ ಕೇಳ್ತೀರಿ. ಕೇಸು ಓಡಾಡೋ ಕಾರ್ಯಕರ್ತೆ ತಲಿ ಮ್ಯಾಲ ಇದನ್ನೂ ಹೊರಿಸಬ್ಯಾಡ್ರಿ. ಕಮಿಟಿಯೊಳಗ ಒಬ್ಬರು, ರಿಟೈರ್ಡ್ ಮಾಸ್ತರೋ ಬ್ಯಾಂಕಿನೋರೋ ಇದ್ರ ಭಾಳ ಚಲೋ, ವಾರಕ್ಕ ಎರಡು ಮಧ್ಯಾಹ್ನ ಇದಕ್ಕೇ ಕೂಡ್ಲಿ. ಒಂದು ಮಧ್ಯಾಹ್ನ ಕಟ್ ಆಗದೋರಿಗೆ, ಹೊಸದಾಗಿ ಸೇರಿದೋರಿಗೆ ಫೋನು, ಇನ್ನೊಂದು ಮಧ್ಯಾಹ್ನ ಹೊಸಬರನ್ನ ಭೇಟಿ. ಹಳೇ ರಶೀದಿ ಬುಕ್ ತೆಗೆದು ಪಟ್ಟಿ ಮಾಡೋದು ಈ ವಾರನೇ ಶುರು ಮಾಡ್ರಿ, ಮೊದಲ ಇಪ್ಪತ್ತು ಮಂದಿನ್ನ ನೀವೇ ಹೋಗಿ ಕೇಳ್ರಿ ಅಕ್ಕಾರ, ಬ್ಯಾರೆಯವರನ್ನ ಕಳಿಸಬ್ಯಾಡ್ರಿ.